ಲೆಗೊ ಕ್ಯಾಸಲ್: ಹಳೇ ಲಾಟ್‌ನಲ್ಲಿರೋ ಕೋಟೆ ಭಾಗಗಳು ಯಾವ ಕಾಲದವು ಅಂತ ಗುರುತಿಸೋದು ಹೇಗೆ?

ಬೂದುಗೋಡೆ
ಬೇರೆಬೇರೆ ಕಾಲದ ಲೆಗೊ ಕ್ಯಾಸಲ್ (ಲೆಗೊ ಕಂಪನಿಯ ಕೋಟೆ ಆಟಿಕೆ ಸರಣಿ) ಸೆಟ್‌ಗಳು ಕಲಸಿಹೋಗಿರೋ ಒಂದು ಲಾಟ್ ವಿಂಗಡಿಸಬೇಕಿದೆ. ಡಬ್ಬ ಇಲ್ಲ, ಸೂಚನಾ ಪುಸ್ತಕವೂ ಇಲ್ಲ. ಮೇಲ್ನೋಟಕ್ಕೆ ಕಂಡಿದ್ದು ಇಷ್ಟು: ಹಳದಿ ಬ್ರಿಕ್ಕುಗಳು ಬೇಕಾದಷ್ಟು, ಕಿಟಕಿ ಇರೋ ಎತ್ತರದ ಬೂದು ಗೋಡೆ ಪ್ಯಾನೆಲ್‌ಗಳು, ಗುಡ್ಡದ ಹಾಗೆ ಎದ್ದಿರೋ ಒಂದು ಬೇಸ್‌ಪ್ಲೇಟ್ (ಕೋಟೆ ನಿಲ್ಲೋ ತಳದ ಹಲಗೆ), ಬಿಳಿ ಭೂತ, ಮಾಂತ್ರಿಕನ ಚೂಪು ಟೋಪಿ, ಆಮೇಲೆ ಬೂದು ಬಣ್ಣದಲ್ಲೇ ಎರಡು ಥರ.

ಯಾವುದು ಯಾವ ಕಾಲದ್ದು? ಹಳದಿಯಾಗಿರೋ ಬೂದು ಭಾಗಗಳನ್ನ ಸರಿ ಮಾಡೋದು ಹೇಗೆ? ಇಲ್ಲದ ಭಾಗಗಳನ್ನ ಹಳೇದೇ ಹುಡುಕಬೇಕಾ, ಇಲ್ಲಾ ಹೊಸದು ಹಾಕಿದ್ರೂ ನಡೆಯುತ್ತಾ?

ಕೊತ್ತಲ
ಹಳದಿಯಿಂದ ಶುರು ಮಾಡೋಣ. ಮೊದಲ ಕೋಟೆ ಸೆಟ್ 375, ಯುರೋಪಿನಲ್ಲಿ 1978ರಲ್ಲಿ ಬಂತು. 767 ಭಾಗ, 14 ಬೊಂಬೆ. ಕೈಕಾಲು ಆಡಿಸೋ ಈಗಿನ ಮಿನಿಫಿಗರ್ (ಲೆಗೊದ ಪುಟ್ಟ ಬೊಂಬೆ) ಬಂದಿದ್ದೂ ಅದೇ ವರ್ಷ. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ ಕೆಲಸ ಮಾಡ್ತಿದ್ದ ಅಮೆರಿಕದ ವಿನ್ಯಾಸಕಾರ ಡೇನಿಯಲ್ ಕ್ರೆಂಟ್ಜ್ ಅವರ ಕೆಲಸ ಅದು. ಗೋಡೆ ಹಿಂಜ್ ಮೇಲೆ ತೆರೆದುಕೊಳ್ಳುತ್ತೆ, ಸೇತುವೆಯನ್ನ ರಾಟೆ ತಿರುಗಿಸಿ ಎತ್ತಬಹುದು.

ಆದ್ರೆ ಹಳದಿ ಬ್ರಿಕ್ ಸಿಕ್ಕ ಮಾತ್ರಕ್ಕೆ ಅದು 375 ಅಂತ ತೀರ್ಮಾನಿಸಬೇಡಿ. ಆ ಕಾಲದ ಮನೆ, ಕಾರು, ಎಲ್ಲಾ ಸೆಟ್‌ಗಳಲ್ಲೂ ಹಳದಿ ಇತ್ತು. ಮೇಲೆ ಕೆಳಗೆ ಆಡೋ ಮುಖಕವಚದ ಶಿರಸ್ತ್ರಾಣ, ಉದ್ದ ಈಟಿ, ಹಾಲ್ಬರ್ಡ್ (ಉದ್ದ ಹಿಡಿಯ ಕೊಡಲಿ-ಈಟಿ), ಇವು ಇದಾವಾ ನೋಡಿ. ಕುದುರೆಯೂ ಒಳ್ಳೇ ಸುಳಿವು. 1978ರ ಕುದುರೆ ಪುಟ್ಟ ಬ್ರಿಕ್ಕುಗಳಿಂದ ಕಟ್ಟಿದ್ದು. ಅಚ್ಚಿನಲ್ಲಿ ಎರಕವಾದ ಕುದುರೆ ಬಂದಿದ್ದು 1984ರಲ್ಲಿ.

ದಿಡ್ಡಿಬಾಗಿಲು
ಒಂದು ಎಚ್ಚರಿಕೆ. 375 ಅಮೆರಿಕಕ್ಕೆ ಹೋಗಿದ್ದು 1981ರಲ್ಲಿ, 6075 ಅನ್ನೋ ಸಂಖ್ಯೆಯಲ್ಲಿ. ಅದೇ 6075ನ್ನ 1992ರಲ್ಲಿ ತೋಳಪಡೆಯ ಗೋಪುರಕ್ಕೂ ಕೊಟ್ರು. 6077 ಕೂಡ ಹಾಗೇ: 1981ರಲ್ಲಿ ಅದು ನೈಟ್‌ಗಳ (ಕವಚ ತೊಟ್ಟ ಯೋಧರ) ಮೆರವಣಿಗೆ, 1989ರಲ್ಲಿ ಕಾಡಿನವರ ನದಿಕೋಟೆ. ಬರೀ ಸಂಖ್ಯೆ ಹಾಕಿ ಹುಡುಕಿದ್ರೆ ತಪ್ಪು ಸೆಟ್‌ನ ಭಾಗಪಟ್ಟಿ ಹಿಡ್ಕೊಂಡು ವಿಂಗಡಿಸ್ತಾ ಕೂರ್ತೀರಿ. ವರ್ಷವನ್ನೂ ನೋಡಿ.

ಚಾವಡಿ_ಚೆಂಗ
ಕೋಟೆ ಹಳದಿ ಯಾಕೆ? ಕಲ್ಲು ಅಂದ್ರೆ ಬೂದು ತಾನೇ?

ಕೊತ್ತಲ
ಆಗ ಬೂದು ಬ್ರಿಕ್ಕುಗಳು ಅಷ್ಟಾಗಿ ತಯಾರಾಗ್ತಿರಲಿಲ್ಲ. ಬೂದು ಬ್ರಿಕ್ ಕೈಗೆ ಕೊಟ್ರೆ ಮಕ್ಕಳು ಟ್ಯಾಂಕು, ಯುದ್ಧವಾಹನ ಕಟ್ತಾರೆ ಅನ್ನೋ ಅಳುಕು ಕಂಪನಿಗೆ ಇತ್ತು ಅಂತ ಎಲ್ಲರೂ ಹೇಳೋ ಮಾತು.

ರಾಕೆಟ್‌ರಾಮಣ್ಣ
ಆ ಮಾತನ್ನ ಪೂರ್ತಿ ಒಪ್ಪೋಕಾಗಲ್ಲ ರೀ. ಅದೇ 1978ರ ಸ್ಪೇಸ್ ಸೆಟ್‌ಗಳನ್ನ ನೋಡಿ, ನೀಲಿ ಜೊತೆ ಬೂದು ಪ್ಲೇಟು ಧಾರಾಳವಾಗಿದೆ. ಬಣ್ಣವೇ ಇರಲಿಲ್ಲ ಅಂತಲ್ಲ.

ಕೊತ್ತಲ
ನಾನು ಹೇಳಿದ್ದು ಪ್ಲೇಟ್ ಬಗ್ಗೆ ಅಲ್ಲ ಸರ್, ಗೋಡೆ ಕಟ್ಟೋ ಬ್ರಿಕ್ ಬಗ್ಗೆ. ಚಪ್ಪಟೆ ಪ್ಲೇಟಿನಿಂದ ಆಕಾಶನೌಕೆ ಕಟ್ಟಬಹುದು. ಕೋಟೆಗೆ 1×2, 1×4, 1×6 ಬ್ರಿಕ್ಕುಗಳು ನೂರಾರು ಬೇಕು, ಒಂದೇ ಬಣ್ಣದಲ್ಲಿ ಬೇಕು. ಆ ಪ್ರಮಾಣದಲ್ಲಿ ಬೂದು ಸಿಕ್ಕಿದ್ದು 1984ರ ಸೆಟ್‌ಗಳ ಹೊತ್ತಿಗೆ.

ಆಯುಧದ ವಿಷಯದಲ್ಲಿ ಕಂಪನಿ ಹಾಕಿಕೊಂಡಿದ್ದ ಗೆರೆಯೂ ಸ್ಪಷ್ಟ. ಹಳೇ ಕಾಲದ ಕತ್ತಿ, ಈಟಿ ಪರವಾಗಿಲ್ಲ, ಈಗಿನ ಕಾಲದ ಸೇನೆ ಬೇಡ. ಬಂದೂಕು, ಫಿರಂಗಿ ಮೊದಲು ಕಾಣಿಸಿದ್ದು 1989ರ ಕಡಲ್ಗಳ್ಳರ ಸರಣಿಯಲ್ಲಿ.

ರಾಕೆಟ್‌ರಾಮಣ್ಣ
ಹಾಗಂದ್ರೆ ಸರಿ. ಬ್ರಿಕ್ಕು, ಪ್ಲೇಟು ಬೇರೆಬೇರೆ ಮಾಡಿ ಹೇಳಿದ್ರೆ ಗೊಂದಲ ಇರಲ್ಲ.

ಹೊಸಪೇಟೆ_ಬ್ರಿಕ್ಸ್
ಮುಖ್ಯ ವಿಷಯಕ್ಕೆ ಬರ್ತೀನಿ. ಕ್ಯಾಸಲ್ ಸರಣಿಯ ನಿಜವಾದ ಬುನಾದಿ 1984. ಆ ವರ್ಷ 6080 ರಾಜನ ಕೋಟೆ (674 ಭಾಗ, 12 ಬೊಂಬೆ), 6073 ನೈಟ್‌ಗಳ ಕೋಟೆ, 6040 ಕಮ್ಮಾರಸಾಲೆ, 6061 ಮುತ್ತಿಗೆ ಗೋಪುರ, 6030 ಕವಣೆಯಂತ್ರ ಒಟ್ಟಿಗೆ ಬಂದವು. ಒಂದು ಕೋಟೆ ಮಾರೋ ಬದಲು ಒಂದು ಲೋಕವನ್ನೇ ಕೊಟ್ರು. ಕಡಿಮೆ ದುಡ್ಡಿನ ಡಬ್ಬದಲ್ಲಿ ಗಾಡಿಯೋ ಕಮ್ಮಾರನೋ ಸಿಗ್ತಿದ್ದ, ಅವನೂ ದೊಡ್ಡ ಕೋಟೆಯ ಪಕ್ಕದಲ್ಲಿ ಸಲೀಸಾಗಿ ನಿಲ್ತಿದ್ದ.

ನಿಮ್ಮ ಬೂದು ಪ್ಯಾನೆಲ್ 2 ಸ್ಟಡ್ (ಬ್ರಿಕ್ ಮೇಲಿನ ದುಂಡು ಉಬ್ಬು) ಆಳ, 5 ಅಗಲ, 6 ಬ್ರಿಕ್ ಎತ್ತರ ಇದ್ರೆ ಅದರ ಭಾಗಸಂಖ್ಯೆ 4444. ಮೂಲೆಯದ್ದು 3×3×6 ಇದ್ರೆ 2345. ಒಳಬದಿಯಲ್ಲಿ ಸಣ್ಣದಾಗಿ ಸಂಖ್ಯೆ ಎರಕವಾಗಿರುತ್ತೆ, ಟಾರ್ಚ್ ಓರೆಯಾಗಿ ಹಿಡಿದ್ರೆ ಓದಬಹುದು. ಈ ಪ್ಯಾನೆಲ್‌ಗಳು 90ರ ದಶಕದ ತುಂಬಾ ಬಳಕೆಯಲ್ಲಿದ್ದವು, ಹಾಗಾಗಿ ಪ್ಯಾನೆಲ್ ಒಂದರಿಂದಲೇ ವರ್ಷ ಹೇಳೋಕಾಗಲ್ಲ. ಬೊಂಬೆಗಳ ಗುರಾಣಿ ಮೇಲಿನ ಚಿತ್ರ ನೋಡಿ, ಅದೇ ಗ್ಯಾರಂಟಿ.

ಗುರಾಣಿಗೌಡ
ಗುರಾಣಿ ವಿಷಯ ನಂಗೆ ಬಿಡಿ.

ನಿಂತ ಸಿಂಹ: ಸಿಂಹದ ಪಡೆ, 1984ರಿಂದ. ಕಪ್ಪು ಗಿಡುಗ: ಬ್ಲ್ಯಾಕ್ ಫಾಲ್ಕನ್ಸ್, ಅದೂ 1984ರಿಂದಲೇ. ಇವರ ಸ್ವಂತ ಕೋಟೆ 6074 ಬಂದಿದ್ದು 1986ರಲ್ಲಿ. ಜಿಂಕೆ ಕೊಂಬು, ಜೊತೆಗೆ ಹಸಿರು ಬಟ್ಟೆ, ಗರಿ ಸಿಕ್ಕಿಸೋ ಟೋಪಿ: 1987ರಿಂದ 1990ರವರೆಗಿನ ಕಾಡಿನವರು. ಮೊಟ್ಟೆಯಾಕಾರದ ಗುರಾಣಿ ಮೇಲೆ ಡ್ರ್ಯಾಗನ್: ಕಪ್ಪು ನೈಟ್‌ಗಳು, 1988ರ 6085ರಿಂದ. ತೋಳದ ಮುಖ: 1992ರ ತೋಳಪಡೆ. ಬೆಂಕಿ ಉಗುಳೋ ಡ್ರ್ಯಾಗನ್: 1993ರ ಡ್ರ್ಯಾಗನ್ ಮಾಸ್ಟರ್ಸ್, ನಿಮ್ಮ ಚೂಪು ಟೋಪಿ ಬಹುಶಃ ಅವರ ಮಾಂತ್ರಿಕ ಮಜಿಸ್ಟೋದು. ಕಿರೀಟ ತೊಟ್ಟ ಸಿಂಹ: 1995ರ ರಾಯಲ್ ನೈಟ್ಸ್. ಬಾವಲಿ: 1997ರ ಫ್ರೈಟ್ ನೈಟ್ಸ್.

ಮುಖಗಳೂ ಸಹಾಯಕ್ಕೆ ಬರ್ತವೆ. 1989ಕ್ಕಿಂತ ಮುಂಚಿನ ಬೊಂಬೆಗಳಿಗೆಲ್ಲ ಎರಡು ಚುಕ್ಕಿ, ಒಂದು ನಗು, ಅಷ್ಟೇ. ಮೀಸೆ ಗಡ್ಡ ಶುರುವಾಗಿದ್ದು ಕಡಲ್ಗಳ್ಳರಿಂದ, ಆಮೇಲೆ ಅದು ಕೋಟೆಗೂ ಬಂತು. ತಲೆ ಮೇಲಿನ ಸ್ಟಡ್ ಕೂಡ ನೋಡಿ: ಹಳೇ ತಲೆಗಳಲ್ಲಿ ಅದು ಗಟ್ಟಿ, ಆಮೇಲಿನವುಗಳಲ್ಲಿ ತೂತು ಇರುತ್ತೆ.

ಅಗಳು
ಎದ್ದಿರೋ ಬೇಸ್‌ಪ್ಲೇಟ್ ಮತ್ತೆ ಭೂತ ಒಟ್ಟಿಗೇ ಸಿಕ್ಕಿದ್ರೆ 1990ರ 6081ರ ಭಾಗಪಟ್ಟಿ ಮೊದಲು ತೆಗೀರಿ, ಅದು ಬೆಟ್ಟದ ಕೋಟೆ. ಕತ್ತಲಲ್ಲಿ ಹೊಳೆಯೋ ಭೂತ ಮೊದಲು ಬಂದಿದ್ದು ಆ ವರ್ಷವೇ. ಆದ್ರೆ ಎತ್ತರಿಸಿದ ಬೇಸ್‌ಪ್ಲೇಟ್ 1993ರ 6082 ಥರದ ಸೆಟ್‌ಗಳಲ್ಲೂ ಇದೆ. ಮೇಲಿನ ಚಿತ್ರ, ಗುಂಡಿಯ ಜಾಗ ಹೋಲಿಸಿ ನೋಡಬೇಕು.

ಅದನ್ನ ಹಿಡಿಯುವಾಗ ಜೋಪಾನ. ತೆಳು ಹಾಳೆಯನ್ನ ಅಚ್ಚಿನ ಮೇಲೆ ಎಳೆದು ಮಾಡಿರೋದು, ಮೂಲೆಗಳಲ್ಲಿ ಪ್ಲಾಸ್ಟಿಕ್ ಇನ್ನೂ ತೆಳ್ಳಗಿರುತ್ತೆ. ಮೇಲಿಂದ ಒತ್ತಿ ಬ್ರಿಕ್ ಕೂರಿಸಿದ್ರೆ ಗುಡ್ಡದ ಅಂಚು ಸೀಳುತ್ತೆ. ಒಳಗಿಂದ ಬೆರಳು ಆನಿಸಿ ಕೂರಿಸಿ. ಒಂದರ ಮೇಲೊಂದು ಪೇರಿಸಿ ಇಡಬೇಡಿ.

ಹೊಸಪೇಟೆ_ಬ್ರಿಕ್ಸ್
ಎರಡು ಬೂದು ಯಾಕೆ ಅನ್ನೋದಕ್ಕೆ ಉತ್ತರ 2004. ಆ ವರ್ಷ ಕಂಪನಿ ತಿಳಿ ಬೂದು, ಕಡು ಬೂದು ಎರಡನ್ನೂ ಬದಲಾಯಿಸ್ತು, ಕಂದು ಬಣ್ಣವನ್ನೂ ಕೆಂಪು ಛಾಯೆಗೆ ತಿರುಗಿಸ್ತು. ಹಳೇ ಬೂದು ಬಣ್ಣದಲ್ಲಿ ಸ್ವಲ್ಪ ಹಳದಿ-ಹಸಿರು ಛಾಯೆ, ಹೊಸದರಲ್ಲಿ ನೀಲಿ ಛಾಯೆ. ಟ್ಯೂಬ್‌ಲೈಟ್ ಕೆಳಗೆ ಮೋಸ ಹೋಗ್ತೀರಿ. ಹಗಲು ಬೆಳಕಲ್ಲಿ, ಬಿಳಿ ಕಾಗದದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಬ್ರಿಕ್‌ಲಿಂಕ್‌ನಲ್ಲಿ (ಲೆಗೊ ಭಾಗಗಳನ್ನ ಕೊಳ್ಳೋ-ಮಾರೋ ಜಾಲತಾಣ) ಇವಕ್ಕೆ ಬೇರೆಬೇರೆ ಸಂಖ್ಯೆ ಇದೆ: ಹಳೇ ಲೈಟ್ ಗ್ರೇ 9, ಹಳೇ ಡಾರ್ಕ್ ಗ್ರೇ 10, ಹೊಸ ಲೈಟ್ ಬ್ಲೂಯಿಶ್ ಗ್ರೇ 86, ಹೊಸ ಡಾರ್ಕ್ 85. 6080ಕ್ಕೆ ಭಾಗ ತರಿಸೋರು 86 ಒತ್ತಿಬಿಟ್ರೆ ಗೋಡೆ ತೇಪೆ ಹಚ್ಚಿದ ಹಾಗೆ ಕಾಣುತ್ತೆ. 2004ಕ್ಕೂ ಹಿಂದಿನ ಸೆಟ್ ಅಂದ್ರೆ 9 ಮತ್ತು 10 ಮಾತ್ರ.

ದಿಡ್ಡಿಬಾಗಿಲು
ಇದಕ್ಕೆ ಒಂದು ಸೇರಿಸ್ತೀನಿ. 1986ರ ಪಹರೆಯ ಛತ್ರ 6067 ಇತ್ತಲ್ಲ, ಅದನ್ನ 2001ರಲ್ಲಿ 10000 ಅಂತ ಮರುಬಿಡುಗಡೆ ಮಾಡಿದ್ರು. ಫಾಲ್ಕನ್ ಕೋಟೆ 6074ನ್ನ 2002ರಲ್ಲಿ 10039 ಅಂತ ತಂದ್ರು. ಎರಡೂ ಬಣ್ಣ ಬದಲಾಗೋ ಮುಂಚೆಯೇ ಬಂದಿದ್ದರಿಂದ ಹಳೇ ಬೂದು ಬಣ್ಣದಲ್ಲೇ ಇವೆ. ಬಣ್ಣ ನೋಡಿ ಮೂಲ ಸೆಟ್ಟೋ ಮರುಬಿಡುಗಡೆಯೋ ಹೇಳೋಕಾಗಲ್ಲ. ಮಾರೋರು "ಒರಿಜಿನಲ್ 86ರದ್ದು" ಅಂದ್ರೆ ಡಬ್ಬ ತೋರಿಸಿ ಅನ್ನಿ.

ತೊಳೆದಿಟ್ಟಬ್ರಿಕ್
ಹಳದಿಯಾದ ಭಾಗಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತೆ ಬಿಸಿಲು. ಲೆಗೊ ಬ್ರಿಕ್ಕುಗಳು 1963ರಿಂದ ಎಬಿಎಸ್ ಪ್ಲಾಸ್ಟಿಕ್. ಅದರಲ್ಲಿರೋ ಬ್ಯೂಟಡೈಯೀನ್ ಅಂಶ ಬೆಳಕು, ಗಾಳಿಗೆ ಆಕ್ಸಿಡೈಸ್ ಆಗಿ ಹಳದಿ ತಿರುಗುತ್ತೆ. ಬಿಳಿ, ಹಳೇ ಬೂದು, ನೀಲಿಯಲ್ಲಿ ಎದ್ದು ಕಾಣುತ್ತೆ.

ಮೊದಲು ಸೋಪು ನೀರಲ್ಲಿ ತೊಳೀರಿ, ನೀರು 40 ಡಿಗ್ರಿ ದಾಟಬಾರದು. ಎಣ್ಣೆ ಜಿಡ್ಡು ಉಳಿದಿದ್ರೆ ಆ ಜಾಗದಲ್ಲಿ ಮಚ್ಚೆ ಬರುತ್ತೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗೋ ಪೆರಾಕ್ಸೈಡ್ ಸಾಮಾನ್ಯವಾಗಿ 6 ಶೇಕಡಾದ್ದು, ಲೇಬಲ್ ಮೇಲೆ 20 ವಾಲ್ಯೂಮ್ ಅಂತಲೂ ಇರುತ್ತೆ. ಅಷ್ಟೇ ನೀರು ಬೆರೆಸಿದ್ರೆ 3 ಶೇಕಡಾ ಆಗುತ್ತೆ, ಅದು ಸಾಕು. ಗಾಜಿನ ಅಥವಾ ಪಾರದರ್ಶಕ ಡಬ್ಬದಲ್ಲಿ ಮುಳುಗಿಸಿ ಬಿಸಿಲಿಗಿಡಿ. ಮುಚ್ಚಳ ಬಿಗಿ ಮಾಡಲೇಬೇಡಿ, ಆಮ್ಲಜನಕ ಹೊರಬಂದು ಒತ್ತಡ ಕಟ್ಟುತ್ತೆ. ಗುಳ್ಳೆ ಹಿಡಿದು ಭಾಗಗಳು ತೇಲ್ತವೆ, ತೇಲಿದ ಮುಖ ಒಂದು ಬಣ್ಣ, ಮುಳುಗಿದ್ದು ಇನ್ನೊಂದು ಬಣ್ಣ ಆಗುತ್ತೆ. ಗಂಟೆಗೊಮ್ಮೆ ಕಲಕಿ, ಮೇಲೆ ಒಂದು ಗಾಜಿನ ತಟ್ಟೆ ಭಾರ ಇಡಿ. ನಾಲ್ಕರಿಂದ ಎಂಟು ಗಂಟೆ ಬಿಸಿಲು ಸಾಮಾನ್ಯವಾಗಿ ಸಾಕು. ಗ್ಲೌಸು, ಕನ್ನಡಕ ಕಡ್ಡಾಯ.

ಸ್ಟಿಕರ್ ಇರೋದು, ಕ್ರೋಮ್ ಹೊಳಪಿನ ಕತ್ತಿಗಳು, ಬಟ್ಟೆಯ ನಿಲುವಂಗಿ, ಇವು ಈ ದ್ರಾವಣಕ್ಕೆ ಬೇಡ. ಎದ್ದಿರೋ ಬೇಸ್‌ಪ್ಲೇಟ್ ಅಂತೂ ಬಿಸಿಲಿಗೆ ಡೊಂಕಾಗಿಬಿಡುತ್ತೆ.

ಚಾವಡಿ_ಚೆಂಗ
ಕೂದಲಿಗೆ ಹಚ್ಚೋ ಪೆರಾಕ್ಸೈಡ್ ಕ್ರೀಮ್ ಬಳಿದು ಪ್ಲಾಸ್ಟಿಕ್ ಸುತ್ತಿದ್ರೆ ಆಗಲ್ವಾ? ದ್ರಾವಣ ಕಮ್ಮಿ ಸಾಕಲ್ಲ.

ತೊಳೆದಿಟ್ಟಬ್ರಿಕ್
ಬೇಡ. ಕ್ರೀಮ್ ದಪ್ಪ ಇರೋ ಕಡೆ ಹೆಚ್ಚು, ತೆಳು ಇರೋ ಕಡೆ ಕಮ್ಮಿ ಬಿಳುಚಿಕೊಳ್ಳುತ್ತೆ, ಅಮೃತಶಿಲೆಯ ಗೆರೆ ಥರ ಆಗುತ್ತೆ. ಹಾಗಾದ ಮೇಲೆ ಮೊದಲಿನ ಹಾಗೆ ಆಗಲ್ಲ. ನೀಲಿ ಭಾಗಗಳು ದ್ರಾವಣದಲ್ಲೂ ಹೆಚ್ಚು ಹೊತ್ತಿದ್ರೆ ಬೆಳ್ಳಗಾಗ್ತವೆ, ಅವನ್ನ ಬೇಗ ತೆಗೀರಿ.

ರಾಕೆಟ್‌ರಾಮಣ್ಣ
ಮತ್ತೆ ಹಳದಿ ಆಗುತ್ತೆ ಅನ್ನೋದನ್ನೂ ಹೇಳಿ ಮೇಡಂ. ಕಪಾಟು ಕಿಟಕಿ ಎದುರಿಗಿದ್ರೆ ಬೇಗನೇ ಆಗುತ್ತೆ.

ಅಗಳು
ಒಡಕಿನ ಬಗ್ಗೆ ಯಾರೂ ಹೇಳಿಲ್ಲ. ಬೊಂಬೆಯ ಮೈ ಭಾಗ ತಗೊಂಡು ಕಂಕುಳಿನಿಂದ ಕೆಳಕ್ಕೆ ಕೂದಲೆಳೆಯಷ್ಟು ಗೆರೆ ಇದೆಯಾ ನೋಡಿ, ಎರಡೂ ಬದಿ. ತೋಳಿನ ಒತ್ತಡಕ್ಕೆ ಅಲ್ಲೇ ಸೀಳೋದು. ಸೀಳಿದ್ರೆ ಬೆಲೆ ಅರ್ಧಕ್ಕಿಂತ ಕೆಳಗೆ. ಹಾಗಂತ ಪರೀಕ್ಷೆಗೆ ತೋಳು ಕಿತ್ತು ನೋಡಬೇಡಿ.

2004ರ ನಂತರದ ಕೆಂಪುಕಂದು ಭಾಗಗಳು ಇನ್ನೊಂದು ತಲೆನೋವು. ಎಷ್ಟೋ ವರ್ಷದ ಉತ್ಪಾದನೆಯಲ್ಲಿ ಆ ಬಣ್ಣ ಪೆಡಸಾಗಿ ಬಂದಿದೆ, ಕ್ಲಿಪ್ ಇರೋ ಸಣ್ಣ ಪ್ಲೇಟುಗಳು ಬಿಚ್ಚುವಾಗ ಟಪ್ ಅಂತ ಮುರೀತವೆ. ಕಡುಗೆಂಪು ಕೂಡ ಹಾಗೇ. ಅಂಥದ್ದನ್ನ ಬಿಚ್ಚುವಾಗ ಉಗುರು ಹಾಕಿ ಎಬ್ಬಿಸಬೇಡಿ. ಬ್ರಿಕ್ ಸಪರೇಟರ್ (ಬ್ರಿಕ್ ಬಿಡಿಸೋ ಪುಟ್ಟ ಸಲಕರಣೆ) ಬಳಸಿ ನಿಧಾನವಾಗಿ ನೇರಕ್ಕೆ ಎಳೀರಿ. ತಣ್ಣಗಿರೋ ಕೋಣೆಯಲ್ಲಿ ಇನ್ನೂ ಬೇಗ ಮುರಿಯುತ್ತೆ.

ಗುರಾಣಿಗೌಡ
ಒಂದು ಮಾತು ಹೇಳಲೇಬೇಕು. 1984ರಿಂದ 1992ರವರೆಗೆ ಈ ಸರಣಿಗೆ ಇದ್ದ ಗಾಂಭೀರ್ಯ ಆಮೇಲೆ ಬರಲೇ ಇಲ್ಲ. ಕಥೆ ಹೇಳ್ತಿರಲಿಲ್ಲ, ಗುರಾಣಿ ಕೊಡ್ತಿದ್ರು, ಕಥೆ ಮಕ್ಕಳದ್ದು. 1997ರಲ್ಲಿ ಬಾವಲಿ ದೊರೆ, ಮಾಟಗಾತಿ ವಿಲ್ಲಾ. 1998ರಲ್ಲಿ ನಿಂಜಾಗಳು. 2000ದಲ್ಲಿ ರಾಜ ಲಿಯೋ, ಎದುರಾಳಿ ಸೆಡ್ರಿಕ್. 2004ರಲ್ಲಿ ಮೋರ್ಸಿಯಾ ರಾಜ್ಯ, ಜೇಕೊ, ಡಾಂಜು, ಸಾಂಟಿಸ್, ರಾಸ್ಕಸ್ ಅನ್ನೋ ನಾಲ್ವರು ನೈಟ್‌ಗಳು, ಮೈತುಂಬ ಗಾಢ ಬಣ್ಣ, ಜೊತೆಗೆ ಕೋಟೆಗೆ ಹೊಂದದ ದೊಡ್ಡ ಗಾತ್ರದ ಬೊಂಬೆಗಳು. ಅಳತೆಯೇ ಬೇರೆ ಆದ್ಮೇಲೆ ಒಂದೇ ಲೋಕ ಹೇಗಾಗುತ್ತೆ?

ನಿಂಜಾನಿಂಗಪ್ಪ
ಒಪ್ಪಲ್ಲ ಗೌಡ್ರೇ. 1993ರ ಮಜಿಸ್ಟೋ ಇಲ್ದೆ ಈ ಸರಣಿಗೆ ಮಾಂತ್ರಿಕನೇ ಇರ್ತಿರಲಿಲ್ಲ, 1995ರ ರಾಯಲ್ ನೈಟ್ಸ್ ಇಲ್ದೆ ಅಸ್ಥಿಪಂಜರ ಇರ್ತಿರಲಿಲ್ಲ. ಆ ಅಸ್ಥಿಪಂಜರವನ್ನೇ ಮುಂದೆ ಎಷ್ಟು ಸರಣಿಗಳು ಬಳಸ್ಕೊಂಡವು! 2004ನ್ನ ಬೈಯುವಾಗ ಅದರ ಹಿಂದಿನ ಸ್ಥಿತಿಯೂ ನೋಡಿ. 2003, 2004ರಲ್ಲಿ ಕಂಪನಿ ಭಾರೀ ನಷ್ಟದಲ್ಲಿತ್ತು, ಹೊಸ ಮುಖ್ಯಸ್ಥ ಯೋರ್ಗನ್ ವಿಗ್ ಕ್ನುಡ್‌ಸ್ಟಾರ್ಪ್ ಬಂದಿದ್ದೇ 2004ರಲ್ಲಿ. ಏನು ಮಾರಾಟ ಆಗುತ್ತೋ ಅದನ್ನ ಹುಡುಕ್ತಿದ್ದ ಕಾಲ ಅದು.

2007ರಿಂದ ಮತ್ತೆ ಸರಿದಾರಿಗೆ ಬಂತು. 7094ರಲ್ಲಿ 973 ಭಾಗ, ಎದುರಿಗೆ ಅಸ್ಥಿಪಂಜರ ಸೇನೆ. 2009ರ ಸಂತೆಹಳ್ಳಿ 10193, 1601 ಭಾಗ, ಯುದ್ಧವೇ ಇಲ್ಲದ ಸೆಟ್! 2010ರ ಕಿಂಗ್‌ಡಮ್ಸ್‌ನಲ್ಲಿ ಕೆಂಪು ಸಿಂಹ, ಹಸಿರು ಡ್ರ್ಯಾಗನ್ ಎದುರುಬದುರು. ಇದು ಗಾಂಭೀರ್ಯ ಅಲ್ವಾ?

ಗುರಾಣಿಗೌಡ
10193 ಮತ್ತೆ ಕಿಂಗ್‌ಡಮ್ಸ್ ಒಪ್ತೀನಿ. ದೊಡ್ಡ ಬೊಂಬೆಗಳನ್ನ ಒಪ್ಪಲ್ಲ.

ಚಾವಡಿ_ಚೆಂಗ
ಮತ್ತೆ ನಿಂತಿದ್ದು ಯಾಕೆ?

ನಿಂಜಾನಿಂಗಪ್ಪ
ಕೊನೆಯ ಪೂರ್ಣ ಕ್ಯಾಸಲ್ ಸರಣಿ 2013ರದ್ದು, 70400ರಿಂದ 70404ರವರೆಗೆ ಐದೇ ಸೆಟ್. ಅಷ್ಟೊತ್ತಿಗೆ ಸಿನಿಮಾ ಪರವಾನಗಿಯ ಸೆಟ್‌ಗಳಲ್ಲೇ ಕೋಟೆ, ಕುದುರೆ, ಓರ್ಕ್ (ಕಥೆಯ ರಾಕ್ಷಸ ಜೀವಿ) ಎಲ್ಲಾ ಬರ್ತಿದ್ವು. ಹಿಂಗಾಲು ಆಡಿಸೋ ಹೊಸ ಕುದುರೆಯ ಅಚ್ಚು ಕೂಡ 2012ರಲ್ಲಿ ಅದೇ ಕಡೆಯಿಂದ ಬಂತು. 2016ರಲ್ಲಿ ನೆಕ್ಸೋ ನೈಟ್ಸ್ ಬಂತು, ಅದು ಭವಿಷ್ಯಕಾಲದ ನೈಟ್‌ಗಳು, 2018ಕ್ಕೆ ಮುಗೀತು.

ಆಮೇಲೆ ಸರಣಿಯಾಗಿ ಬರಲಿಲ್ಲ, ಬಿಡಿಬಿಡಿಯಾಗಿ, ಹೆಚ್ಚಾಗಿ ದೊಡ್ಡೋರಿಗೆ ಬಂತು. 2021ರಲ್ಲಿ ಅಭಿಮಾನಿಯೊಬ್ಬರ ವಿನ್ಯಾಸದ ಕಮ್ಮಾರಸಾಲೆ 21325, 2164 ಭಾಗ. ಅದೇ ವರ್ಷ ಮೂರು ಥರ ಕಟ್ಟಬಹುದಾದ 31120. 2022ರಲ್ಲಿ, 1932ರಲ್ಲಿ ಶುರುವಾದ ಕಂಪನಿಯ 90ನೇ ವರ್ಷಕ್ಕೆ, 10305 ಸಿಂಹ ನೈಟ್‌ಗಳ ಕೋಟೆ: 4514 ಭಾಗ, 22 ಬೊಂಬೆ. 2024ರಲ್ಲಿ ಊರಚೌಕ 10332, 3304 ಭಾಗ.

ಮೇಕೆಮಂಜು
10332 ಅಂದ್ರೆ ಮೇಕೆ! 2011ರ 7189 ಗಿರಣಿ ಹಳ್ಳಿಯಲ್ಲಿ ಬಂದ ಮೇಕೆ ಆಮೇಲೆ ಸಿಗಲೇ ಇಲ್ಲ, ಹಳೇ ಮಾರುಕಟ್ಟೆಯಲ್ಲಿ ಒಂದು ಮೇಕೆಗೆ ಇಡೀ ಸಣ್ಣ ಸೆಟ್‌ನ ಬೆಲೆ ಆಗಿತ್ತು. 2024ರಲ್ಲಿ ಹೊಸ ಅಚ್ಚಿನಲ್ಲಿ ವಾಪಸ್ ಬಂತು. ಲಾಟ್‌ನಲ್ಲಿ ಮೇಕೆ ಇದೆಯಾ ಬೂದುಗೋಡೆ ಅವರೇ? ಇದ್ರೆ ಮೊದಲು ಅದನ್ನ ಪಕ್ಕಕ್ಕಿಡಿ.

ಬೂದುಗೋಡೆ
ಮೇಕೆ ಇಲ್ಲ. ಗುರಾಣಿಗಳಲ್ಲಿ ಸಿಂಹ, ಗಿಡುಗ, ಒಂದು ಜಿಂಕೆ ಇದೆ. ಗೋಡೆಗೆ ಪ್ಯಾನೆಲ್ ಸಾಲಲ್ಲ ಅನ್ಸುತ್ತೆ. ಬ್ರಿಕ್ಕಿಂದ ಕಟ್ಟಿದ್ರೆ?

ಕೊತ್ತಲ
ಕಟ್ಟಬಹುದು. ಲೆಗೊ ಅಳತೆ 1978ರಲ್ಲೂ ಈಗಲೂ ಒಂದೇ: ಸ್ಟಡ್‌ನಿಂದ ಸ್ಟಡ್‌ಗೆ 8 ಮಿಲಿಮೀಟರ್, ಬ್ರಿಕ್ ಎತ್ತರ 9.6. ಆರು ಬ್ರಿಕ್ ಎತ್ತರದ ಪ್ಯಾನೆಲ್ ಅಂದ್ರೆ 57.6 ಮಿಲಿಮೀಟರ್.

16 ಸ್ಟಡ್ ಉದ್ದ, 6 ಸಾಲು ಎತ್ತರದ ಗೋಡೆಗೆ 1×4 ಬ್ರಿಕ್ 21, 1×2 ಬ್ರಿಕ್ 6 ಬೇಕು. ಒಂದು ಸಾಲು ನಾಲ್ಕು 1×4. ಮುಂದಿನ ಸಾಲು ಎರಡು ತುದಿಗೆ 1×2, ಮಧ್ಯೆ ಮೂರು 1×4. ಸಂದಿಯ ಮೇಲೆ ಸಂದಿ ಬರಬಾರದು, ಬಂದ್ರೆ ಗೋಡೆ ಅಲ್ಲೇ ಬಾಯಿ ಬಿಡುತ್ತೆ. ಪ್ಯಾನೆಲ್ ಬಳಸೋ ಕಡೆ ಇನ್ನೂ ಎಚ್ಚರ: ಎರಡು ಪ್ಯಾನೆಲ್ ನಡುವಿನ ಸಂದಿ ಕೆಳಗಿನಿಂದ ಮೇಲಿನವರೆಗೂ ನೇರ ಇರುತ್ತೆ. ಮೇಲೆ ಎರಡನ್ನೂ ಹಿಡಿಯೋ ಹಾಗೆ ಅಡ್ಡ ಪ್ಲೇಟ್ ಹಾಕಿ, ಅದರ ಮೇಲೆ ತೆನೆ (ಕೋಟೆ ಗೋಡೆಯ ಮೇಲಂಚಿನ ಹಲ್ಲುಸಾಲು) ಕಟ್ಟಿ. ಆ ಪ್ಲೇಟ್ ಬಿಟ್ರೆ ಕೋಟೆ ಎತ್ತಿದ ತಕ್ಷಣ ಗೋಡೆ ಹೊರಕ್ಕೆ ವಾಲುತ್ತೆ.

ಅಟ್ಲಾಂಟಿಕ್_ಆಚೆ
ಹೊರದೇಶದಿಂದ ಭಾಗ ತರಿಸೋ ಮುಂಚೆ ಸುಂಕ ಲೆಕ್ಕ ಹಾಕಿ. ಭಾರತದಲ್ಲಿ ಆಟಿಕೆ ಮೇಲಿನ ಮೂಲ ಸುಂಕ 2020ರಲ್ಲಿ 20ರಿಂದ 60 ಶೇಕಡಾಗೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಕೂಡ. ಇಲ್ಲಿ ಹೊರದೇಶದಲ್ಲಿ ಹತ್ತು ಡಾಲರಿನ ಪ್ಯಾನೆಲ್‌ಗಳು ಬೆಂಗಳೂರು ಮುಟ್ಟೋ ಹೊತ್ತಿಗೆ ಸಾಗಣೆ, ಸುಂಕ ಸೇರಿ ದುಪ್ಪಟ್ಟು ದಾಟ್ತವೆ. ಐದಾರು ಅಂಗಡಿಯಿಂದ ಚೂರುಚೂರು ತರಿಸಬೇಡಿ. ಬೇಕಾದ ಪಟ್ಟಿ ಪೂರ್ತಿ ಮಾಡ್ಕೊಂಡು ಹೆಚ್ಚು ಭಾಗ ಇರೋ ಒಂದೇ ಅಂಗಡಿ ಹುಡುಕಿ.

ದಿಡ್ಡಿಬಾಗಿಲು
ನಕಲಿ ಬೆರೆತಿದೆಯಾ ಅಂತಲೂ ನೋಡಿಕೊಳ್ಳಿ. ಪ್ರತಿ ಸ್ಟಡ್ ಮೇಲೂ ಲೆಗೊ ಅಕ್ಷರ ಎದ್ದಿರಬೇಕು. ನಕಲಿ ಬ್ರಿಕ್ ಒಂದು ಸೇರಿದ್ರೂ ಹಿಡಿತ ಬೇರೆ ಆಗಿ ಆ ಸಾಲು ಸಡಿಲ ಆಗುತ್ತೆ. ಹೊಸ ಬ್ರಿಕ್ ಹಾಕೋದಾದ್ರೆ ಗೋಡೆಯ ಒಳಸಾಲಿಗೆ ಹಾಕಿ, ಹಳೇ ಬೂದು ಹೊರಮುಖಕ್ಕಿರಲಿ.

ಬೂದುಗೋಡೆ
ಸರಿ, ಹಾಗಾದ್ರೆ ಗುರಾಣಿ ಪ್ರಕಾರ ಮೂರು ಗುಂಪು ಮಾಡಿ ಶುರು ಮಾಡ್ತೀನಿ. ಭೂತ 1990ರದ್ದೇನಾ ಅಂತ ನೋಡೋದು ಹೇಗೆ?

ಅಗಳು
ಹತ್ತು ನಿಮಿಷ ಬಲ್ಬಿನ ಹತ್ತಿರ ಇಟ್ಟು ಕತ್ತಲ ಕೋಣೆಗೆ ಒಯ್ಯಿರಿ, ಹಸಿರಾಗಿ ಹೊಳೀಬೇಕು. ಹೊಳೆದ್ರೆ ಲೆಗೊ ಭೂತವೇ ಅನ್ನೋದಕ್ಕೆ ಒಳ್ಳೇ ಸೂಚನೆ. ಆದ್ರೆ ಭೂತದ ಆ ಹೊದಿಕೆ 90ರ ದಶಕದಲ್ಲಿ ಬೇರೆ ಸೆಟ್‌ಗಳಲ್ಲೂ ಬಂದಿದೆ, ಹಾಗಾಗಿ 6081 ಅಂತ ಗಟ್ಟಿ ಮಾಡ್ಕೊಳ್ಳೋದು ಬೇಸ್‌ಪ್ಲೇಟ್‌ನ ಚಿತ್ರದಿಂದ. ಅದರ ಫೋಟೋ ಹಾಕಿ, ನೇರ ಮೇಲಿಂದ ತೆಗೆದಿದ್ದು.

ತೊಳೆದಿಟ್ಟಬ್ರಿಕ್
ಭೂತವನ್ನ ಪೆರಾಕ್ಸೈಡ್‌ಗೆ ಹಾಕಬೇಡಿ ಮತ್ತೆ. ಸೋಪು ನೀರು ಸಾಕು.